ಹುಳು ಅಂದರೆ ಯಾವ ಹುಳು?

ಎರೆಹುಳುವೂ ಹುಳು, ಜಂತುಹುಳುವೂ ಹುಳು. ಆದರೆ ಇವೆರಡೂ ನೆಂಟರಲ್ಲ. ಕುಲ ತಿಳಿಯದೆ ಔಷಧಿ ತಂದರೆ ದುಡ್ಡು ಹೋಗುತ್ತದೆ, ಹುಳು ಉಳಿಯುತ್ತದೆ.

ಮೆತ್ತಗಿದ್ದು ತೆವಳುವುದೆಲ್ಲ ನಮ್ಮ ಮಾತಿನಲ್ಲಿ ಹುಳುವೇ. ರೇಷ್ಮೆಹುಳು, ಗೊಣ್ಣೆಹುಳು, ಬಸವನಹುಳು, ಎರೆಹುಳು, ಲಾಡಿಹುಳು, ಜಂತುಹುಳು. ಹತ್ತಿರ ಹೋಗಿ ನೋಡಿದರೆ ರೇಷ್ಮೆಹುಳು ಪತಂಗದ ಮರಿ. ಗೊಣ್ಣೆಹುಳು ದುಂಬಿಯ ಮರಿ. ಬಸವನಹುಳು ಚಿಪ್ಪಿನ ಜಾತಿಯದ್ದು. ಉಳಿದ ಮೂರು ಮಾತ್ರ ಸಾಯುವ ತನಕ ಹುಳುವಾಗೇ ಇರುವಂಥವು. ಆ ಮೂರೂ ಒಂದೇ ಮನೆಯವಲ್ಲ.

ಈ ಗೊಂದಲ ನಮ್ಮ ಹಳ್ಳಿಯವರದ್ದು ಮಾತ್ರ ಅಂತ ತಿಳಿಯಬೇಡಿ. ಜೀವಿಗಳಿಗೆಲ್ಲ ಹೆಸರು ಕೊಟ್ಟು ಪಟ್ಟಿ ಮಾಡಿದ ಸ್ವೀಡನ್ ದೇಶದ ಲಿನೇಯಸ್ ಕೂಡ 1758ರಲ್ಲಿ ಎರೆಹುಳು, ಲಾಡಿಹುಳು, ಜಂತುಹುಳು, ಬಸವನಹುಳು ಎಲ್ಲವನ್ನೂ 'ಹುಳುಗಳು' ಅಂತ ಒಂದೇ ಮೂಟೆಗೆ ಹಾಕಿಟ್ಟಿದ್ದರು. ಆ ಮೂಟೆ ಬಿಚ್ಚಿ ಬೇರೆ ಬೇರೆ ಮಾಡಲು ವಿಜ್ಞಾನಿಗಳಿಗೆ ಇನ್ನೂರು ವರ್ಷದ ಮೇಲೆ ಹಿಡಿಯಿತು.

ಇಲ್ಲಿ ಹೇಳ ಹೊರಟಿದ್ದು ದುಂಡುಹುಳುಗಳ ವಿಚಾರ. ಮಕ್ಕಳ ಹೊಟ್ಟೆಯ ಜಂತು, ಕುರಿಯ ರಕ್ತ ಹೀರುವ ಹುಳು, ಬದನೆ ಬೇರಿನ ಗಂಟಿನೊಳಗೆ ಕೂತಿರುವ ನೆಮಟೋಡ್, ಇವೆಲ್ಲ ಒಂದೇ ಕುಲ. ದುಂಡು ಅಂದರೆ ಚೆಂಡಿನ ಹಾಗಲ್ಲ. ದಾರದ ಹಾಗಿದ್ದು ಅಡ್ಡ ಕೊಯ್ದರೆ ದುಂಡಗೆ ಕಾಣುತ್ತದೆ, ಅದಕ್ಕೆ ಆ ಹೆಸರು.

ಮೂರು ಮನೆತನ

ಎರೆಹುಳುವನ್ನು ಅಂಗೈ ಮೇಲೆ ಇಟ್ಟು ನೋಡಿ. ಮೈತುಂಬ ಬಳೆ ತೊಟ್ಟ ಹಾಗೆ ಉಂಗುರ ಉಂಗುರ. ಒಮ್ಮೆ ಉದ್ದ ಆಗುತ್ತದೆ, ಒಮ್ಮೆ ಗಿಡ್ಡ ಆಗುತ್ತದೆ. ಅದರ ಮೈಯಲ್ಲಿ ಅಡ್ಡ ಮಾಂಸವೂ ಉಂಟು, ಉದ್ದ ಮಾಂಸವೂ ಉಂಟು. ರಕ್ತನಾಳವೂ ಇದೆ. ಜಿಗಣೆ ಇದರ ದಾಯಾದಿ.

ಲಾಡಿಹುಳು ಚಪ್ಪಟೆ ಮನೆತನದ್ದು. ಲಂಗದ ಲಾಡಿಯ ಹಾಗೇ ಇರುತ್ತದೆ. ಅದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ, ಮೈಯಿಂದಲೇ ಆಹಾರ ಹೀರುತ್ತದೆ. ದನ, ಕುರಿಗಳ ಈಲಿಯಲ್ಲಿ ಸೇರಿಕೊಳ್ಳುವ ಎಲೆಯಾಕಾರದ ಹುಳು, ಡಾಕ್ಟರು ಲಿವರ್ ಫ್ಲೂಕ್ ಅನ್ನುವುದು, ಇದೇ ಮನೆತನದ್ದು. ಕೆರೆ ಅಂಚಿನ ಬಸವನಹುಳುವಿನ ಮೂಲಕ ಬರುತ್ತದೆ.

ದುಂಡುಹುಳುವಿಗೆ ಬಳೆಯೂ ಇಲ್ಲ, ಕಾಲೂ ಇಲ್ಲ, ಶ್ವಾಸಕೋಶ, ರಕ್ತನಾಳ ಯಾವುದೂ ಇಲ್ಲ. ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ ಒಳಗೆ ನೀರು ತುಂಬಿ ಬಿಗಿದುಕೊಂಡ ಮೈ. ಒಂದು ತುದಿಯಲ್ಲಿ ಬಾಯಿ, ಇನ್ನೊಂದು ತುದಿಯ ಹತ್ತಿರ ಗುದ, ನಡುವೆ ನೇರ ಕರುಳು. ಮೈಯಲ್ಲಿ ಉದ್ದ ಮಾಂಸ ಮಾತ್ರ ಇರುವುದರಿಂದ ಎರೆಹುಳುವಿನ ಹಾಗೆ ಹಿಗ್ಗಿ ಕುಗ್ಗಿ ನಡೆಯಲು ಬರುವುದಿಲ್ಲ. ಹಾವಿನ ಹಾಗೆ ಬಳುಕುವುದೊಂದೇ ಗೊತ್ತು.

ಪೊರೆ ಬಿಡುವ ಕುಲ

ಹಾಗಾದರೆ ಇದಕ್ಕೆ ನೆಂಟರು ಯಾರು? ಎರೆಹುಳುವಂತೂ ಅಲ್ಲ. ಬಹಳ ಕಾಲ ವಿಜ್ಞಾನಿಗಳಿಗೂ ಇದನ್ನು ಎಲ್ಲಿ ಕೂರಿಸಬೇಕು ಅಂತ ಒಮ್ಮತ ಇರಲಿಲ್ಲ. 1997ರಲ್ಲಿ ಒಂದು ಹೊಸ ಲೆಕ್ಕ ಬಂತು. ಜೀವಿಗಳ ವಂಶವಾಹಿ ಹೋಲಿಸಿ ನೋಡಿದಾಗ ದುಂಡುಹುಳು ಎರೆಹುಳುವಿಗಿಂತ ಕೀಟ, ಏಡಿ, ಜೇಡಗಳಿಗೆ ಹತ್ತಿರ ಅಂತ ಕಂಡಿತು. ಇವೆಲ್ಲಕ್ಕೂ ಇರುವ ಒಂದು ಗುಣ ಪೊರೆ ಬಿಡುವುದು. ರೇಷ್ಮೆಹುಳು ನಾಲ್ಕು ಜ್ವರ ಮುಗಿಸಿ ನಾಲ್ಕು ಸಲ ಪೊರೆ ಬಿಡುವುದು ನಮ್ಮ ಸಾಕಣೆದಾರರಿಗೆಲ್ಲ ಗೊತ್ತು. ದುಂಡುಹುಳುವೂ ಬೆಳೆಯುವಾಗ ನಾಲ್ಕು ಸಲವೇ ಪೊರೆ ಬಿಡುತ್ತದೆ. ಎರೆಹುಳು ಪೊರೆ ಬಿಡುವುದಿಲ್ಲ, ಲಾಡಿಹುಳುವೂ ಬಿಡುವುದಿಲ್ಲ.

ಇದೆಲ್ಲ ಪುಸ್ತಕದ ಬದನೆಕಾಯಿ ಅಂತ ತಳ್ಳಿಬಿಡಬೇಡಿ. ನಮ್ಮ ಕುರಿ ಹಟ್ಟಿಯಲ್ಲೇ ಇದು ಕೆಲಸಕ್ಕೆ ಬರುತ್ತದೆ. ಐವರ್‌ಮೆಕ್ಟಿನ್ ಅನ್ನುವ ಔಷಧಿ ಗೊತ್ತಲ್ಲ, ಜಪಾನಿನ ಒಂದಿಷ್ಟು ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದದ್ದು. ಅದಕ್ಕಾಗಿ ಇಬ್ಬರಿಗೆ 2015ರಲ್ಲಿ ನೊಬೆಲ್ ಬಹುಮಾನವೂ ಬಂತು. ಕುರಿಗೆ ಇದನ್ನು ಹಾಕಿಸಿದರೆ ಹೊಟ್ಟೆಯ ದುಂಡುಹುಳುವೂ ಸಾಯುತ್ತದೆ, ಚರ್ಮದ ಕಜ್ಜಿ ನುಸಿಯೂ ಸಾಯುತ್ತದೆ. ಆದರೆ ಲಾಡಿಹುಳು ಜಗ್ಗುವುದಿಲ್ಲ, ಈಲಿಯ ಚಪ್ಪಟೆ ಹುಳುವೂ ಜಗ್ಗುವುದಿಲ್ಲ. ಹೊಟ್ಟೆಯ ಹುಳು ಎಲ್ಲಿ, ತೊಗಲಿನ ನುಸಿ ಎಲ್ಲಿ! ಆದರೂ ಎರಡರ ನರದಲ್ಲೂ ಒಂದು ಬಗೆಯ ಬಾಗಿಲು ಉಂಟು. ಈ ಔಷಧಿ ಆ ಬಾಗಿಲನ್ನು ತೆರೆದು ಹಿಡಿದುಬಿಡುತ್ತದೆ, ಕೈಕಾಲು ಸೋತ ಹಾಗೆ ಆಗಿ ಸಾಯುತ್ತವೆ. ಚಪ್ಪಟೆ ಹುಳುವಿನ ಮೇಲೆ ಈ ಔಷಧಿಯ ಆಟ ನಡೆಯುವುದಿಲ್ಲ.

ಕೆರೆ ಅಂಚಿನಲ್ಲಿ ಮೇಯ್ದ ಕುರಿ ಸೊರಗಿದೆ ಅಂತ 'ಹುಳುವಿನ ಔಷಧಿ ಕೊಡಿ' ಎಂದು ಕೇಳಿ ತಂದು ಹಾಕುವವರು ಬಹಳ. ಯಾವ ಹುಳು ಅಂತ ಕೇಳುವವರು ಕಡಿಮೆ. ಔಷಧಿ ಸಾಚಾ ಇರಬಹುದು, ಅಳತೆಯೂ ಸರಿ ಇರಬಹುದು, ಆದರೂ ಕುರಿ ಸಾಯುತ್ತದೆ.

ಮೃಗಾಲಯದಲ್ಲಿ ಕಾಣದ ಪ್ರಾಣಿ

ಮೈಸೂರಿನ ಮೃಗಾಲಯ 1892ರದ್ದು. ಆನೆ, ಜಿರಾಫೆ, ಹುಲಿ ಎಲ್ಲ ನೋಡಿಕೊಂಡು ಬರುತ್ತೇವೆ. ಆದರೆ ನೆಲದ ಮೇಲಿನ ಪ್ರಾಣಿಗಳನ್ನು ತಲೆ ಎಣಿಸಿದರೆ ಐದರಲ್ಲಿ ನಾಲ್ಕು ದುಂಡುಹುಳುಗಳೇ. 2019ರಲ್ಲಿ ಪ್ರಪಂಚದ ನಾನಾ ಕಡೆಯ ಮಣ್ಣು ಪರೀಕ್ಷೆ ಮಾಡಿ ಲೆಕ್ಕ ಹಾಕಿದರು. ಮೇಲ್ಮಣ್ಣಿನಲ್ಲಿರುವ ದುಂಡುಹುಳುಗಳ ಸಂಖ್ಯೆ 44ರ ಮುಂದೆ 19 ಸೊನ್ನೆ ಹಾಕಿದಷ್ಟು. ನಮ್ಮ ನಿಮ್ಮ ಪಾಲಿಗೆ ಹಂಚಿದರೆ ತಲೆಗೆ ಸುಮಾರು 5,700 ಕೋಟಿ!

ಹೆಸರಿಟ್ಟು ಗುರುತಿಸಿರುವ ಜಾತಿಗಳು 25 ಸಾವಿರದ ಮೇಲಿವೆ. ಹೆಸರಿಡದೆ ಉಳಿದವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮಣ್ಣಿನಲ್ಲಿರುವವು ಬಹುಪಾಲು ಒಂದು ಮಿಲಿಮೀಟರಿಗಿಂತ ಸಣ್ಣವು, ಬರಿಗಣ್ಣಿಗೆ ಕಾಣವು. ಮನುಷ್ಯನ ಕರುಳಿನ ಜಂತು ಒಂದು ಗೇಣಿಗೂ ಮೀರುತ್ತದೆ, ಹೆಣ್ಣು ದಿನಕ್ಕೆ ಎರಡು ಲಕ್ಷ ಮೊಟ್ಟೆ ಇಡುತ್ತದೆ. ತಿಮಿಂಗಿಲದ ಮಾಸಿನಲ್ಲಿ 8 ಮೀಟರ್ ಉದ್ದದ್ದೂ ಸಿಕ್ಕಿದೆ.

ಒಣಬೇಸಾಯದವರು ತಿಳಿಯಬೇಕಾದ ಗುಣ ಇನ್ನೊಂದಿದೆ. ನೆಲ ಒಣಗಿದರೆ ಹುಳು ಸತ್ತಿತು ಅಂತ ಪೂರ್ತಿ ನಂಬುವ ಹಾಗಿಲ್ಲ. ಕೆಲವು ಜಾತಿಗಳು ಮೈಯ ನೀರನ್ನೆಲ್ಲ ಬಿಟ್ಟು, ಒಣಗಿದ ಸಂಡಿಗೆಯ ಹಾಗೆ ಬಿದ್ದಿರುತ್ತವೆ, ನೀರು ಕಂಡೊಡನೆ ಏಳುತ್ತವೆ. ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ಸುಮಾರು 46 ಸಾವಿರ ವರ್ಷ ಮಲಗಿದ್ದ ದುಂಡುಹುಳು ಮತ್ತೆ ಜೀವ ತಳೆದು ಸಂಸಾರ ಮಾಡಿದ್ದನ್ನು 2023ರಲ್ಲಿ ಪ್ರಕಟಿಸಿದ್ದಾರೆ.

ಮೈಸೂರಿನ ಹೆಸರಿನ ಬೆಳೆಗಳು

ಮೈಸೂರು ಅಂದರೆ ಮಲ್ಲಿಗೆ, ವೀಳ್ಯದೆಲೆ, ರೇಷ್ಮೆ, ಈರನಗೆರೆ ಬದನೆ, ಪಕ್ಕದ ನಂಜನಗೂಡಿನ ರಸಬಾಳೆ. ಈಗ ಮನೆಗಳೇ ತುಂಬಿರುವ ಅಗ್ರಹಾರ, ವಿದ್ಯಾರಣ್ಯಪುರದ ಕಡೆಯೆಲ್ಲ ಹಿಂದೆ ವೀಳ್ಯದೆಲೆ ತೋಟ. ಈ ಹೆಸರಾಂತ ಬೆಳೆಗಳನ್ನೆಲ್ಲ ಸಾಲಾಗಿ ಇಟ್ಟರೆ ಬೇರುಗಂಟು ಹುಳುವಿಗೆ ಔತಣದ ಎಲೆ ಹಾಕಿದ ಹಾಗೆ. ಮಲ್ಲಿಗೆ, ವೀಳ್ಯ, ಹಿಪ್ಪುನೇರಳೆ, ಬದನೆ, ಬಾಳೆ ಎಲ್ಲದರ ಬೇರಿಗೂ ಇದು ಬೀಳುತ್ತದೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕಿನವರಿಗಂತೂ ಇದು ಹಳೇ ವೈರಿ.

ಇದರ ಬದುಕು ಹೀಗೆ. ಮೊಟ್ಟೆಯೊಳಗೇ ಮೊದಲ ಪೊರೆ ಬಿಟ್ಟು ಮರಿ ಹೊರಗೆ ಬರುತ್ತದೆ. ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ. ಮಣ್ಣಿನ ತೇವದಲ್ಲಿ ಈಜಿ ಎಳೆ ಬೇರಿನ ತುದಿ ಹುಡುಕಿ ಒಳಗೆ ನುಗ್ಗುತ್ತದೆ. ಬಾಯಲ್ಲಿ ಸೂಜಿಯಂಥ ಕೊಳವೆ ಇದೆ. ಅದರಿಂದ ಚುಚ್ಚಿ ಬೇರಿನ ಕೆಲವು ಕಣಗಳನ್ನು ಉಬ್ಬಿಸಿ ತನ್ನ ಊಟದ ಕಣಜ ಮಾಡಿಕೊಳ್ಳುತ್ತದೆ. ಸುತ್ತಲಿನ ಬೇರು ಊದಿ ಗಂಟಾಗುತ್ತದೆ. ಹೆಣ್ಣು ಅಲ್ಲೇ ಕೂತು ಮಣ್ಣಿನ ಹೂಜಿಯ ಆಕಾರಕ್ಕೆ ಉಬ್ಬಿ, ಲೋಳೆಯ ಚೀಲದಲ್ಲಿ 300ರಿಂದ 500 ಮೊಟ್ಟೆ ಇಡುತ್ತದೆ. ನಮ್ಮ ಸೆಕೆಯಲ್ಲಿ ಇಷ್ಟಕ್ಕೆಲ್ಲ 25-30 ದಿನ ಸಾಕು. ಒಂದು ಬದನೆ ಬೆಳೆ ಮುಗಿಯುವುದರೊಳಗೆ ನಾಲ್ಕೈದು ತಲೆಮಾರು.

ಗಿಡ ಒಮ್ಮೆಲೇ ಸಾಯುವುದಿಲ್ಲ. ಮಧ್ಯಾಹ್ನ ಬಾಡುತ್ತದೆ, ಸಂಜೆ ಏಳುತ್ತದೆ. ಎಲೆ ಹಳದಿ, ಬೆಳವಣಿಗೆ ಕುಂಠಿತ. ಗೊಬ್ಬರ ಸಾಲದು ಅಂತ ಗೊಬ್ಬರ ಹಾಕುತ್ತೇವೆ, ನೀರು ಸಾಲದು ಅಂತ ನೀರು ಬಿಡುತ್ತೇವೆ.

ದುಂಡಾಣು ಬೇರೆ, ದುಂಡುಹುಳು ಬೇರೆ

ಇಲ್ಲೇ ಇನ್ನೊಂದು ಎಡವಟ್ಟು. ಇಲಾಖೆಯ ಕರಪತ್ರದಲ್ಲಿ 'ದುಂಡಾಣು' ಅಂತ ಇರುವುದು ಬ್ಯಾಕ್ಟೀರಿಯಾಕ್ಕೆ. ಹೆಸರು ಹತ್ತಿರ ಇದೆ ಅಷ್ಟೆ, ಅದು ಪ್ರಾಣಿಯೇ ಅಲ್ಲ. ನಮ್ಮ ಪಕ್ಕದೂರಿನ ಒಬ್ಬ ರೈತರು ಬದನೆ ಬಾಡುತ್ತಿದೆ ಅಂತ ಒಮ್ಮೆ ಶಿಲೀಂಧ್ರಕ್ಕೆ, ಒಮ್ಮೆ ಕೀಟಕ್ಕೆ, ಕೊನೆಗೆ ದುಂಡಾಣುವಿಗೆ, ಹೀಗೆ ಮೂರು ಸಲ ಔಷಧಿ ಹೊಡೆದರು. ಮೂರೂ ಸಲ ಹೊಡೆದದ್ದು ಎಲೆಗೆ. ಗಿಡ ಕಿತ್ತಾಗ ಬೇರೆಲ್ಲ ಶುಂಠಿಯ ಹಾಗೆ ಗಂಟು.

ಗುರುತು ಹಿಡಿಯುವುದು ಕಷ್ಟವಲ್ಲ.

ದುಂಡಾಣು ಸೊರಗು ರೋಗವಾದರೆ: ಬುಡದ ಕಾಂಡ ಕೊಯ್ದು ಗಾಜಿನ ಲೋಟದ ತಿಳಿ ನೀರಿಗೆ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆ ಇಳಿಯುತ್ತದೆ.

ಗಂಟುಹುಳುವಾದರೆ: ಲೋಟದ ನೀರು ತಿಳಿಯಾಗೇ ಇರುತ್ತದೆ. ಬೇರು ತೊಳೆದು ನೋಡಿದರೆ ಗಂಟು ಕಾಣುತ್ತದೆ. ಆದರೆ ಎರಡೂ ಒಟ್ಟಿಗೆ ಇರುವುದೂ ಉಂಟು. ಹುಳು ಮಾಡಿದ ಗಾಯದಲ್ಲೇ ದುಂಡಾಣುವೂ ಶಿಲೀಂಧ್ರವೂ ನುಗ್ಗುತ್ತವೆ.

ದ್ವಿದಳ ಬೆಳೆಯಾದರೆ: ಅವರೆ, ಅಲಸಂದೆ, ಹುರುಳಿ ಬೇರಿನಲ್ಲಿ ಸಾರಜನಕ ಕೂಡಿಡುವ ಒಳ್ಳೆಯ ಗಂಟೂ ಇರುತ್ತದೆ. ಅದು ಬೇರಿನ ಪಕ್ಕಕ್ಕೆ ಮಣಿ ಅಂಟಿಸಿದ ಹಾಗೆ. ಬೆರಳಿನಲ್ಲಿ ತಳ್ಳಿದರೆ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಹುಳುವಿನ ಗಂಟು ಬೇರೇ ಊದಿಕೊಂಡದ್ದು, ಉದುರುವುದಿಲ್ಲ.

ರಾಗಿ ಎಂಬ ಕಾವಲುಗಾರ

ಹುಳು ಬಿದ್ದ ಮೇಲೆ ಪೂರ್ತಿ ತೊಲಗಿಸುವುದು ಯಾರಿಂದಲೂ ಆಗದು. ಊಟ ತಪ್ಪಿಸಿ ಸಂಖ್ಯೆ ಇಳಿಸಬಹುದು. ಇಲ್ಲಿ ನಮ್ಮ ಹೊಲದ ರಾಗಿಯೇ ದೊಡ್ಡ ಔಷಧಿ. ತಂಬಾಕು, ತರಕಾರಿಗೆ ಬೀಳುವ ಗಂಟುಹುಳುವಿಗೆ ರಾಗಿ ಬೇರು ಒಗ್ಗುವುದಿಲ್ಲ. ಅದಕ್ಕೇ ತಂಬಾಕಿನ ಹೊಲಕ್ಕೆ ರಾಗಿ ಪರಿವರ್ತನೆ ಶಿಫಾರಸು ಮಾಡುತ್ತಾರೆ. ಬದನೆ ಮೇಲೆ ಟೊಮೇಟೊ, ಟೊಮೇಟೊ ಮೇಲೆ ಬೆಂಡೆ ಹಾಕುತ್ತಾ ಹೋದರೆ ಹುಳುವಿಗೆ ಬೆಳೆ ಬದಲಾದದ್ದೇ ತಿಳಿಯುವುದಿಲ್ಲ. ಒಂದು ಎಚ್ಚರಿಕೆ: ಭತ್ತಕ್ಕೆ ಬೀಳುವ ಗಂಟುಹುಳು ಬೇರೆ ಜಾತಿ, ಈ ಲೆಕ್ಕ ಅದಕ್ಕೆ ಹಿಡಿಯುವುದಿಲ್ಲ.

ಚೆಂಡು ಹೂವಿನ ಬೇರಿನಲ್ಲಿ ಹುಳುವಿಗೆ ಆಗದ ರಸ ಇದೆ. ಸಾಲಿನ ನಡುವೆ ಹಾಕಿದರೆ ಹಬ್ಬಕ್ಕೆ ಹೂವೂ ಆಯಿತು. ಬೇಸಿಗೆ ಉಳುಮೆಯಲ್ಲಿ ಮಣ್ಣು ತಿರುವಿ ಬಿಸಿಲಿಗೆ ಬಿಟ್ಟರೆ ಬಹಳಷ್ಟು ಮರಿ, ಮೊಟ್ಟೆ ಒಣಗುತ್ತವೆ. ಮಲಗಿ ಏಳುವ ಗಟ್ಟಿಗರು ಕೆಲವು ಉಳಿದರೂ ಲೆಕ್ಕ ಇಳಿಯುತ್ತದೆ. ಸಸಿಮಡಿಗೆ ಏಪ್ರಿಲ್-ಮೇ ಬಿಸಿಲಲ್ಲಿ ನೀರು ಕೊಟ್ಟು, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನಾಲ್ಕರಿಂದ ಆರು ವಾರ ಬಿಡಬಹುದು. ಎಷ್ಟೋ ಹೊಲಕ್ಕೆ ಹುಳು ಬರುವುದೇ ಕೊಂಡು ತಂದ ಸಸಿಯ ಬೇರಿನಲ್ಲಿ. ಸಸಿ ಕೊಳ್ಳುವಾಗ ಎಲೆ ನೋಡುವ ಮೊದಲು ಬೇರು ನೋಡಿ.

ಹಿಪ್ಪುನೇರಳೆಯವರಿಗೆ ಮೈಸೂರಿನ ಮಾನಂದವಾಡಿ ರಸ್ತೆಯ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಬೇವಿನ ಹಿಂಡಿ ಹೇಳುತ್ತದೆ. ಹೆಕ್ಟೇರಿಗೆ ವರ್ಷಕ್ಕೆ 2 ಟನ್, ಅಂದರೆ ಎಕರೆಗೆ ಸುಮಾರು 800 ಕಿಲೋ, ನಾಲ್ಕು ಕಂತಿನಲ್ಲಿ ಬೇರಿನ ಹತ್ತಿರ. ಇವರಿಗೆ ವಿಷದ ಹರಳಿನ ದಾರಿ ಮೊದಲಿಂದಲೂ ಕಷ್ಟ. ಬೇರಿಗೆ ಹಾಕಿದ್ದು ಸೊಪ್ಪಿಗೆ ಏರುತ್ತದೆ, ಸೊಪ್ಪು ತಿಂದ ರೇಷ್ಮೆಹುಳು ಸಾಯುತ್ತದೆ. ಒಂದು ಹುಳು ಕೊಲ್ಲಲು ಹೋಗಿ ಇನ್ನೊಂದು ಹುಳು! ಗಂಟುಹುಳುವಿನ ಮೊಟ್ಟೆ ತಿನ್ನುವ ಶಿಲೀಂಧ್ರಗಳ ಪುಡಿಯೂ ಈಗ ಸಿಗುತ್ತದೆ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಹಾಕಬೇಕು. ಹಿಂದೆ ಕಣ್ಣು ಮುಚ್ಚಿ ಎರಚುತ್ತಿದ್ದ ಫೋರೇಟ್ ಹರಳಿನ ಬಳಕೆ 2020ರ ಕೊನೆಯಿಂದ ನಿಷೇಧವಾಗಿದೆ. ಯಾರಾದರೂ ಹಳೇ ದಾಸ್ತಾನು ಕೊಟ್ಟರೆ ಮುಟ್ಟಬೇಡಿ.

ಕುರಿಯ ಕಣ್ಣು ನೋಡಿ

ಬನ್ನೂರು ಕುರಿ ನಮ್ಮ ಜಿಲ್ಲೆಯ ಹೆಮ್ಮೆ. ಮಳೆಗಾಲದಲ್ಲಿ ಅದನ್ನು ತಿನ್ನುವ ದುಂಡುಹುಳು ನಾಲ್ಕನೇ ಹೊಟ್ಟೆಯಲ್ಲಿರುತ್ತದೆ. ಕೆಂಪು, ಬಿಳಿ ದಾರ ಹೊಸೆದ ಹಾಗೆ ಕಾಣುತ್ತದೆ. ಒಂದು ಹುಳು ದಿನಕ್ಕೆ 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಅಷ್ಟೇನಾ ಅನ್ನಬೇಡಿ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿಲೀಟರ್ ಆಯಿತು. ಭೇದಿ ಇರುವುದಿಲ್ಲ, ಮೇವೂ ತಿನ್ನುತ್ತದೆ. ಗದ್ದದ ಕೆಳಗೆ ನೀರು ತುಂಬಿ ಜೋತುಬೀಳುತ್ತದೆ, ಒಂದು ಬೆಳಗ್ಗೆ ಮಂದೆಯಲ್ಲಿ ಬಿದ್ದಿರುತ್ತದೆ.

ದಕ್ಷಿಣ ಆಫ್ರಿಕಾದವರು ಒಂದು ಸುಲಭ ಉಪಾಯ ಕಂಡುಕೊಂಡರು. ಕುರಿಯ ಕೆಳಗಿನ ಕಣ್ಣುರೆಪ್ಪೆ ಬಿಡಿಸಿ ಒಳಗಿನ ಬಣ್ಣ ನೋಡುವುದು. ಕೆಂಪಾಗಿದ್ದರೆ ಔಷಧಿ ಬೇಡ. ಬೆಳ್ಳಗೆ ಬಿಳಿಚಿದ್ದರೆ ತಡ ಮಾಡಬಾರದು. ಹೀಗೆ ಬೇಕಾದದ್ದಕ್ಕೆ ಮಾತ್ರ ಕುಡಿಸಿದರೆ ಖರ್ಚೂ ಉಳಿಯುತ್ತದೆ, ಔಷಧಿಯ ಬಲವೂ ಉಳಿಯುತ್ತದೆ. ಇಡೀ ಮಂದೆಗೆ ಒಂದೇ ಔಷಧಿಯನ್ನು ಅಂದಾಜಿನಲ್ಲಿ ಪದೇ ಪದೇ ಕುಡಿಸಿದ ಕಡೆಯೆಲ್ಲ ಔಷಧಿಗೆ ಬಗ್ಗದ ಹುಳುಗಳ ಸಂತಾನ ಬೆಳೆದಿದೆ. ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ನೋಡಿ ದುಂಡೋ, ಲಾಡಿಯೋ, ಈಲಿಯದ್ದೋ ಹೇಳುತ್ತಾರೆ.

ಮಕ್ಕಳ ವಿಚಾರದಲ್ಲಿ ಸರ್ಕಾರ 2015ರಿಂದ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿ, ಶಾಲೆಗಳಲ್ಲಿ ಜಂತುಹುಳು ಮಾತ್ರೆ ಕೊಡುತ್ತಿದೆ. ತಪ್ಪಿಸಬೇಡಿ. ಕೊಕ್ಕೆಹುಳು ಬರಿಗಾಲಿನ ಚರ್ಮ ತೂರಿ ಬರುವಂಥದ್ದು. ಮಾತ್ರೆಯ ಜತೆ ಕಾಲಿಗೆ ಮೆಟ್ಟು, ಮನೆಗೆ ಪಾಯಿಖಾನೆ ಎರಡೂ ಇರಬೇಕು.

ಔಷಧಿ ಇಲ್ಲದೆ ಗೆದ್ದದ್ದು

ನಾರು ಹುಣ್ಣಿನ ಹೆಸರು ಹಿರಿಯರಿಗೆ ನೆನಪಿರಬಹುದು. ಬಯಲುಸೀಮೆಯ ಬಡಗಣ ಜಿಲ್ಲೆಗಳಲ್ಲಿ ಮೆಟ್ಟಿಲು ಬಾವಿಗೆ ಇಳಿದು ನೀರು ತರುವ ಊರುಗಳ ಕಾಯಿಲೆ. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು, ಮೀಟರ್ ಉದ್ದದ ದಾರದಂಥ ಹುಳು ಹೊರಗೆ ಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಅದೂ ದುಂಡುಹುಳುವೇ. ಅದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಗೊತ್ತಿದ್ದದ್ದು ಅದರ ದಾರಿ ಮಾತ್ರ: ಹುಣ್ಣಿನ ಕಾಲು ಬಾವಿಗಿಟ್ಟಾಗ ಮರಿಗಳು ನೀರಿಗೆ, ಅಲ್ಲಿಂದ ನೀರಿನ ಚಿಕ್ಕ ಜೀವಿಯ ಹೊಟ್ಟೆಗೆ, ಆ ನೀರು ಕುಡಿದವರ ಮೈಗೆ. 1980ರ ದಶಕದಲ್ಲಿ ದೇಶವೆಲ್ಲ ಕಾರ್ಯಕ್ರಮ ಹಾಕಿಕೊಂಡು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಕಲಿಸಿದರು, ಮೆಟ್ಟಿಲು ಬಾವಿಗೆ ಇಳಿಯುವುದು ನಿಲ್ಲಿಸಿದರು, ಕೊಳವೆಬಾವಿ ಹಾಕಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಮುಕ್ತವಾಯಿತು ಅಂತ ಸಾರಿತು. ಹುಳುವಿನ ಜಾತಕ ಗೊತ್ತಿದ್ದರೆ ಒಂದು ಗೇಣು ಬಟ್ಟೆಯೇ ಆಯುಧ ಆಗುತ್ತದೆ.

ಮನೆಯಲ್ಲೇ ಮಾಡುವ ಎರಡು ಪರೀಕ್ಷೆ

1. ಬೇರಿನ ಹತ್ತಿರದ ತೇವದ ಮಣ್ಣು ಎರಡು ಹಿಡಿ ತೆಗೆದು ತೆಳು ಹತ್ತಿ ಬಟ್ಟೆಯ ಮೇಲೆ ಹರಡಿ, ಜರಡಿಯಲ್ಲಿಟ್ಟು, ತಟ್ಟೆಯ ನೀರು ಮಣ್ಣಿಗೆ ತಾಗುವಷ್ಟು ತುಂಬಿ. ಮಾರನೇ ದಿನ ಜರಡಿ ಎತ್ತಿ, ತಟ್ಟೆಯ ತಳದ ನೀರನ್ನು ಗಾಜಿಗೆ ಹಾಕಿ ಬೆಳಕಿಗೆ ಹಿಡಿದು ಒಳ್ಳೆಯ ಭೂತಗನ್ನಡಿಯಲ್ಲಿ ನೋಡಿ. ಬಳುಕುವ ಸಣ್ಣ ದಾರಗಳು ಕಾಣುತ್ತವೆ. ಕಂಡವೆಲ್ಲ ಕೆಟ್ಟವಲ್ಲ.

2. ಕೆಟ್ಟದ್ದೋ ಅಂತ ತಿಳಿಯಲು ಅದೇ ಮಣ್ಣನ್ನು ಕುಂಡಕ್ಕೆ ತುಂಬಿ ಟೊಮೇಟೊ ಅಥವಾ ಸೌತೆ ಬೀಜ ಹಾಕಿ. ಐದಾರು ವಾರಕ್ಕೆ ಮೆಲ್ಲಗೆ ಕಿತ್ತು ಬೇರು ತೊಳೆಯಿರಿ. ಗಂಟಿದ್ದರೆ ಆ ಹೊಲಕ್ಕೆ ಈ ಸಲ ತರಕಾರಿ ಬೇಡ, ರಾಗಿ ಹಾಕಿ.

ಒಳ್ಳೆಯವರೂ ಇದ್ದಾರೆ

ಮಣ್ಣಿನ ದುಂಡುಹುಳುಗಳಲ್ಲಿ ಹೆಚ್ಚಿನವು ನಮ್ಮ ತಂಟೆಗೆ ಬರುವವಲ್ಲ. ದುಂಡಾಣು, ಶಿಲೀಂಧ್ರ ತಿಂದು, ಮಿಕ್ಕ ಸಾರಜನಕವನ್ನು ಬೇರಿಗೆ ಸಿಗುವ ಹಾಗೆ ಬಿಡುತ್ತವೆ. ಕೊಳೆತ ಹಣ್ಣಿನಲ್ಲಿ ಸಿಗುವ ಒಂದು ಮಿಲಿಮೀಟರಿನ ದುಂಡುಹುಳು ಪ್ರಯೋಗಶಾಲೆಯಲ್ಲಿ ರಾಜನಾಗಿದೆ. ಅದರ ನರಕೋಶಗಳು ಬರೀ 302, ಎಲ್ಲವನ್ನೂ ಎಣಿಸಿಟ್ಟಿದ್ದಾರೆ. ಅದನ್ನು ನೋಡಿ ಕಲಿತದ್ದಕ್ಕೆ 2002, 2006, 2024ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂದಿದೆ.

ಗೊಣ್ಣೆಹುಳುವಿನ ಮೈ ಹೊಕ್ಕು ಕೊಲ್ಲುವ ದುಂಡುಹುಳುಗಳೂ ಇವೆ. ತಮ್ಮ ಹೊಟ್ಟೆಯಲ್ಲಿ ಒಂದು ದುಂಡಾಣುವನ್ನು ಹೊತ್ತುಕೊಂಡು ಹೋಗಿ ಒಳಗೆ ಬಿಡುತ್ತವೆ, ಎರಡು ಮೂರು ದಿನದಲ್ಲಿ ಗೊಣ್ಣೆ ಸಾಯುತ್ತದೆ. ಅಂಥ ಒಂದು ಜಾತಿಯನ್ನು ತಮಿಳುನಾಡಿನ ಕೊಯಮತ್ತೂರು ಕಡೆಯ ಕಬ್ಬಿನ ನೆಲದಲ್ಲಿ ಕಂಡು 1992ರಲ್ಲಿ ನಮ್ಮ ದೇಶದ ಹೆಸರನ್ನೇ ಇಟ್ಟಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಅದನ್ನು ಪುಡಿಯ ರೂಪಕ್ಕೆ ತಂದಿದೆ. ಕಬ್ಬು, ಅಡಿಕೆಯವರು ಬಳಸುತ್ತಿದ್ದಾರೆ. ನಮ್ಮಂಥ ಮಳೆ ನಂಬಿದವರು ಹಾಕುವುದಾದರೆ ಮಳೆ ಬಿದ್ದು ನೆಲ ಹಸಿಯಾದ ಮೇಲೆ, ಸಂಜೆ ಹೊತ್ತು ಹಾಕಬೇಕು. ಒಣ ಮಣ್ಣಿಗೆ, ಬಿಸಿಲಿಗೆ ಹಾಕಿದರೆ ದಂಡ. ಇವು ಇರುವ ನೆಲಕ್ಕೆ ವಿಷ ಸುರಿದರೆ ಕೂಲಿ ಕೇಳದೆ ದುಡಿಯುವ ಆಳುಗಳನ್ನು ನಾವೇ ಕೊಂದ ಹಾಗೆ.

ಆದ್ದರಿಂದ ಗಿಡ ಬಾಡಿದರೆ ಮೊದಲು ಬೇರು ನೋಡಿ. ಕುರಿ ಸೊರಗಿದರೆ ಕಣ್ಣುರೆಪ್ಪೆ ನೋಡಿ, ಹಿಕ್ಕೆ ಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ 'ಹುಳುವಿಗೆ ಔಷಧಿ ಕೊಡಿ' ಅಂತ ಕೇಳುವ ಬದಲು ಇಂಥ ಹುಳುವಿಗೆ ಬೇಕು ಅಂತ ಹೆಸರು ಹೇಳಿ ಕೇಳಿ. ರಾಗಿ ಪರಿವರ್ತನೆ, ಚೆಂಡು ಹೂವು, ಹಿಂಡಿ ಇವುಗಳಲ್ಲಿ ನಿಮ್ಮ ಹೊಲದಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅನ್ನುವುದನ್ನು ಪತ್ರಿಕೆಗೆ ಬರೆದು ತಿಳಿಸಿದರೆ ಉಳಿದವರಿಗೂ ಉಪಯೋಗ.